ಐವತ್ತೊಂದು ಕೇಜಿ ಗಂಡ

ಎಲ್ಲ ಶುರುವಾದದ್ದು ಒಂದೇ ಒಂದು ಕೇಜಿಯಿಂದ. ಹೆಂಡತಿ ಸೊಂಟ ಮುರಿದುಕೊಂಡ ತನ್ನ ಅಕ್ಕನ ಮನೆಗೆ ಹೋದ ಮೂರನೆಯ ಭಾನುವಾರ ಫೋನಿನಲ್ಲಿ, "ಊಟ ಗೀಟ ಸರಿಯಾಗಿ ಮಾಡ್ತಿದ್ದೀರಾ?" ಎಂದು ಕೇಳಿದಳು. ತಕ್ಕಡಿಯಣ್ಣ, "ಏನು ಊಟವೋ ಏನೋ, ಒಂದು ಕೇಜಿ ಇಳಿದುಹೋಗಿದ್ದೀನಿ" ಎಂದುಬಿಟ್ಟ. ಆ ಕಡೆಯಿಂದ "ಅಯ್ಯೋ" ಎಂಬ ಸಣ್ಣ ಉಸಿರೊಂದು ಕೇಳಿಸಿತು. ಇಷ್ಟು ವರ್ಷದ ಸಂಸಾರದಲ್ಲಿ ತನಗಾಗಿ ಅಂಥದೊಂದು ಉಸಿರು ಹೊರಟದ್ದನ್ನು ಅವನು ಕೇಳಿರಲಿಲ್ಲ. ಅದರ ರುಚಿ ಹತ್ತಿತು. ಮುಂದಿನ ಭಾನುವಾರ ಇನ್ನೊಂದು ಕೇಜಿ ಇಳಿದ.

ಹಾಗೆ ನೋಡಿದರೆ ಸುಳ್ಳು ತೂಕಕ್ಕೂ ಅವನಿಗೂ ಹಾವು ಮುಂಗುಸಿಯ ಸಂಬಂಧ. ಪಾರ್ಸೆಲ್ ಆಫೀಸಿನ ಕಿಟಕಿಯಲ್ಲಿ ಕೂತು ಬಂದ ಗಂಟುಮೂಟೆಗಳನ್ನೆಲ್ಲ ತೂಗುವುದು ಅವನ ಕೆಲಸ. "ಹತ್ತೇ ಕೇಜಿ ಸಾರ್" ಎಂದು ಹಲ್ಲು ಕಿರಿದವರ ಮೂಟೆಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, "ಹದಿನಾಲ್ಕು, ಮೇಲೆ ಇನ್ನೂ ಸ್ವಲ್ಪ" ಎಂದರೆ ತಕ್ಕಡಿ ಕೂಡ ಅವನ ಮಾತು ಮೀರುತ್ತಿರಲಿಲ್ಲ. ಅದಕ್ಕೇ ಬಿದ್ದದ್ದು ಆ ಹೆಸರು. ಅಂಥವನು ತನ್ನ ಮೈಯ ವಿಷಯದಲ್ಲಿ ಹೆಚ್ಚುಕಮ್ಮಿ ಭಾನುವಾರಕ್ಕೊಂದು ಕೇಜಿಯಂತೆ ಕಳ್ಳಲೆಕ್ಕ ಹೇಳುತ್ತಾ ಎಪ್ಪತ್ತೆರಡರಿಂದ ಐವತ್ತೊಂದಕ್ಕೆ ಬಂದು ನಿಂತಿದ್ದ.

ನಿಜಸ್ಥಿತಿ ಬೇರೆಯೇ ಇತ್ತು. ಹೆಂಡತಿ ಇಲ್ಲದ ಗಂಡಸು ಎಂದರೆ ಆ ಕಟ್ಟಡದ ಹೆಂಗಸರಿಗೆಲ್ಲ ಕರುಳು ಚುರುಕ್ ಎನ್ನುತ್ತಿತ್ತು. ಬೆಳಿಗ್ಗೆ ಎದುರುಮನೆಯಿಂದ ಒಂದು ಡಬ್ಬಿ, ಮಧ್ಯಾಹ್ನ ಮಹಡಿಯಿಂದ ಇನ್ನೊಂದು, ಸಂಜೆ ಪಕ್ಕದ ಮನೆಯ ಚಿಕ್ಕಮ್ಮ ತಾವೇ ತಂದು ಎದುರು ಕೂತು, "ಇನ್ನೊಂದು ತುತ್ತು, ನನ್ನಾಣೆ" ಎಂದು ತಿನ್ನಿಸುತ್ತಿದ್ದ ಮೂರನೆಯದು. ಚಿಕ್ಕಮ್ಮ ಯಾರ ಚಿಕ್ಕಮ್ಮನೋ ಯಾರಿಗೂ ಗೊತ್ತಿಲ್ಲ, ಇಡೀ ಕಟ್ಟಡಕ್ಕೇ ಚಿಕ್ಕಮ್ಮ. ಒಂದು ಡಬ್ಬಿ ಬೇಡವೆಂದರೆ ಉಳಿದೆರಡು ಮನೆಯವರು, "ಅವರದ್ದು ಮಾತ್ರ ಹಿಡಿಸುತ್ತೆ, ನಮ್ಮದು ಹಿಡಿಸಲ್ಲ" ಎಂದು ಮುಖ ಊದಿಸಿಕೊಳ್ಳುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ತಿಂದೂ ತಿಂದೂ ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟಿದ್ದವು.

ಆದರೆ ಹೊಟ್ಟೆ ತುಂಬಿದಷ್ಟೂ ಮನೆ ಬರಿದಾಗಿ ಕಾಣುತ್ತಿತ್ತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನು ಯಾವ ಕೋನಕ್ಕೆ ತಿರುಗಿಸಿ ನಿಲ್ಲಿಸಬೇಕೆಂಬುದು ಅವಳಿಗೊಬ್ಬಳಿಗೇ ಗೊತ್ತು. ಪ್ಲಂಬರನ್ನು ಕರೆಸಬಹುದಿತ್ತು, ಕರೆಸಲಿಲ್ಲ. ಸಂಜೆ ಆಫೀಸಿನಿಂದ ಬಂದು ಬಾಗಿಲು ತೆಗೆದಾಗ, "ಚಪ್ಪಲಿ ಹೊರಗೇ ಬಿಡಿ" ಎಂಬ ಕೂಗು ಇರುತ್ತಿರಲಿಲ್ಲ. ಯಾರೂ ಹೇಳದಿದ್ದರೂ ಅವನು ಹೊರಗೇ ಬಿಡುತ್ತಿದ್ದ. ಅವಳು ಇದ್ದಾಗ ಪೇಪರಿನ ಹಿಂದೆ ಮುಖ ಹುದುಗಿಸಿ "ಹೂಂ" "ಉಹೂಂ" ಎರಡರಲ್ಲೇ ಸಂಸಾರ ಸಾಗಿಸಿದವನು, ಈಗ ರಾತ್ರಿ ಅವಳ ದಿಂಬಿಗೆ ಆ ದಿನ ಬಂದ ಪಾರ್ಸೆಲುಗಳ ಸಮಾಚಾರ ಹೇಳಿ ಮಲಗುತ್ತಿದ್ದ. ಅಕ್ಕನ ಮುರಿದ ಸೊಂಟ ಕೂಡಿಕೊಂಡು ತಿಂಗಳುಗಳಾಗಿದ್ದವು. ಹದಿನೈದು ದಿನ ಎಂದು ಹೋದವಳು ಏಳು ತಿಂಗಳಾದರೂ ಬಂದಿರಲಿಲ್ಲ. ಅಲ್ಲಿ ಇಬ್ಬರೂ ಸೇರಿ ನಗುತ್ತಿದ್ದರು, ಹರಟುತ್ತಿದ್ದರು, ಅದು ಫೋನಿನಲ್ಲೇ ಕೇಳಿಸುತ್ತಿತ್ತು. "ಬಾ" ಎಂಬ ಒಂದಕ್ಷರ ಅವನ ನಾಲಿಗೆಯ ತುದಿಗೆ ಬರುತ್ತಿತ್ತು, ಬಾಯಿ ಬಿಟ್ಟರೆ ಹೊರಬೀಳುತ್ತಿದ್ದದ್ದು ಮಾತ್ರ ಇನ್ನೊಂದು ಕೇಜಿ.

ಹೀಗಿರುವಾಗ ಬಲಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಡಾಕ್ಟರು ಒತ್ತಿ ನೋಡಿ, ರಕ್ತಕ್ಕೆ ಬಣ್ಣದ ಔಷಧಿ ಹಾಕಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದರು. ಸುದ್ದಿ ಹೇಳಿದಾಗ ಹೆಂಡತಿ, "ನಾಳೆ ಫೋನ್ ಆಫ್ ಮಾಡಬೇಡಿ, ಡಾಕ್ಟ್ರು ಹೇಳೋದೆಲ್ಲ ನಾನೂ ಕೇಳಬೇಕು" ಎಂದಳು. ಅವಳ ದನಿ ಗದ್ಗದವಾಗಿತ್ತು. ತಕ್ಕಡಿಯಣ್ಣ ಆ ರಾತ್ರಿ, ಏನಾದರೂ ಒಂದು ಚಿಕ್ಕ ಕಾಯಿಲೆ ಸಿಕ್ಕಲಿ ಎಂದು ಬೇಡಿಕೊಂಡ. ಸಾಯುವಂಥದ್ದು ಬೇಡ, ಹೆಂಡತಿ ಬರುವಷ್ಟಿದ್ದರೆ ಸಾಕು.

ಬೆಳಿಗ್ಗೆ ಮೆಟ್ಟಿಲಲ್ಲೇ ಕಾಂಪೌಂಡರ್ ಮಾವ ಅಡ್ಡ ಹಾಕಿದರು. ಅವರು ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ವೈದ್ಯಕೀಯ ಅವರಿಂದ ನಿವೃತ್ತವಾಗಿರಲಿಲ್ಲ.

"ಸ್ಕ್ಯಾನಿಗಾ? ಬಣ್ಣ ಹಾಕಿಯಾ?"

"ಹೌದು ಮಾವ."

"ನೋಡಪ್ಪ, ಗುಟ್ಟು ಹೇಳ್ತೀನಿ. ಆ ಬಣ್ಣಾನ ತೂಕ ನೋಡಿ ಹಾಕ್ತಾರೆ. ಕೇಜಿಗೆ ಇಷ್ಟು ಅಂತ. ಭಾರ ಇದ್ದವನಿಗೆ ಜಾಸ್ತಿ, ಹಗುರ ಇದ್ದವನಿಗೆ ಕಮ್ಮಿ. ಅದೆಲ್ಲ ಕೊನೆಗೆ ಕಿಡ್ನಿಯಿಂದಲೇ ಹೊರಗೆ ಬರಬೇಕು. ಅದಕ್ಕೇ ತೂಕ ಕೇಳಿದಾಗ ಸ್ವಲ್ಪ ಇಳಿಸಿ ಹೇಳು. ಕಿಡ್ನಿ ನಿನ್ನ ಹೆಸರು ಹೇಳ್ಕೊಂಡು ತಣ್ಣಗಿರುತ್ತೆ."

"ಸುಳ್ಳು ತೂಕಾನಾ?" ತಕ್ಕಡಿಯಣ್ಣನಿಗೆ ವೃತ್ತಿಧರ್ಮ ನೆನಪಾಯಿತು.

"ನೀನೇನು ಪಾರ್ಸೆಲ್ಲಾ? ಹೋಗು ಹೋಗು" ಎಂದು ಮಾವ ಬೆನ್ನು ತಟ್ಟಿ ಕಳಿಸಿದರು.

ಜತೆಗೆ ಚಿಕ್ಕಮ್ಮ ಹೊರಟರು. ಸ್ಕ್ಯಾನ್ ಸೆಂಟರಿನಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಬಾಗಿಲ ಪಕ್ಕದಲ್ಲಿ ತೂಕದ ಯಂತ್ರವೊಂದಿತ್ತು, ಅದರ ಮೇಲೆ ಯಾರೋ ದೊಡ್ಡದೊಂದು ಹೂಕುಂಡ ಇಟ್ಟಿದ್ದರು. ಚಿಕ್ಕಮ್ಮ ಕೂರಲು ಜಾಗ ಹಿಡಿಯುವ ಜಗಳಕ್ಕೆ ಹೋದರು. ತಕ್ಕಡಿಯಣ್ಣ ಕೌಂಟರಿನ ಸಾಲಿನಲ್ಲಿ ನಿಂತ. ಅವನ ಸರದಿ ಬರುವುದಕ್ಕೂ ಹೆಂಡತಿಯ ಫೋನು ಬರುವುದಕ್ಕೂ ಸರಿಹೋಯಿತು.

"ಎಲ್ಲಿದ್ದೀರಿ? ಶುರುವಾಯ್ತಾ?" ಅವಳ ಹಿಂದೆ ಏನೋ ಗರಗರ ಸದ್ದು.

"ಇನ್ನೂ ಇಲ್ಲ. ಏನದು ಸದ್ದು?"

"ಅಕ್ಕ ಮಿಕ್ಸಿ ಹಾಕಿದ್ದಾಳೆ. ನೀವು ಫೋನ್ ಇಡಬೇಡಿ, ಹಾಗೇ ಹಿಡ್ಕೊಂಡಿರಿ."

ಕೌಂಟರಿನ ಹುಡುಗಿ ತಲೆ ಎತ್ತದೆ ವಯಸ್ಸು ಕೇಳಿದಳು, ತಲೆ ಎತ್ತದೆ ಅಲರ್ಜಿ ಇದೆಯೇ ಎಂದಳು, ತಲೆ ಎತ್ತದೆ, "ತೂಕ?" ಎಂದಳು.

ತಕ್ಕಡಿಯಣ್ಣನ ಗಂಟಲು ಒಣಗಿತು. ಕಿವಿಗೆ ಒತ್ತಿಕೊಂಡ ಫೋನಿನಲ್ಲಿ ಹೆಂಡತಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಮಾವನ ಮಾತು ನೆನಪಾಗಿ ಧೈರ್ಯ ಬಂತು. ಹೇಗಿದ್ದರೂ ಕಿಡ್ನಿಗೆ ಒಳ್ಳೆಯದಲ್ಲವೇ?

"ಐವತ್ತೊಂದು" ಎಂದ.

ಕಿವಿಯಲ್ಲಿ "ಅಯ್ಯೋ" ಎಂಬ ಉಸಿರು. ಹುಡುಗಿ ತಲೆ ಎತ್ತದೆ ಬರೆದುಕೊಂಡಳು.

ಒಳಗೆ ಹೋಗುವ ಮುನ್ನ ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟ. ಒಳಗಿನ ವ್ಯವಸ್ಥೆ ಹೀಗಿತ್ತು: ಗಾಜಿನ ಆಚೆ ಕೂತ ಟೆಕ್ನೀಷಿಯನ್ ಚೀಟಿ ನೋಡಿದ, ರೋಗಿಯನ್ನು ನೋಡಲಿಲ್ಲ. ಮೇಜಿನ ಮೇಲೆ ಮಲಗಿಸಿದ ನರ್ಸಮ್ಮ ರೋಗಿಯನ್ನು ನೋಡಿದರು, ಚೀಟಿ ನೋಡಲಿಲ್ಲ. ಕೋಣೆ ಥಂಡಿ ಇದ್ದುದರಿಂದ ಮೇಲೆ ಕಂಬಳಿ ಬೇರೆ ಹೊದಿಸಿದರು. ಕೈಗೆ ಸೂಜಿ ಚುಚ್ಚಿ ನಳಿಗೆ ಜೋಡಿಸುತ್ತಾ, "ಬಣ್ಣ ಹೋಗುವಾಗ ಮೈಯೆಲ್ಲ ಬಿಸಿ ಆಗುತ್ತೆ, ಹೆದರಬೇಡಿ ಅಣ್ಣ" ಎಂದರು.

ಬಿಸಿಯೇನೋ ಬಂತು. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ, ಹದವಾಗಿ ಇಳಿಯಿತು. ತಕ್ಕಡಿಯಣ್ಣ ಕಣ್ಣು ಮುಚ್ಚಿಕೊಂಡ. ಅವಳು ಹೋದ ಮೇಲೆ ಮೈಗೆ ಇಷ್ಟು ಬೆಚ್ಚಗಾದದ್ದು ಇದೇ ಮೊದಲು ಅನ್ನಿಸಿತು. ಆದರೆ ಪೂರ್ತಿ ಸುಖವಾಗುವುದರೊಳಗೆ ಅದು ಆರಿಹೋಯಿತು. ಮೇಜು ಒಳಗೆ ಹೋಯಿತು, ಹೊರಗೆ ಬಂತು, ಉಸಿರು ಹಿಡಿ ಎಂದರು, ಬಿಡು ಎಂದರು.

ಸ್ವಲ್ಪ ಹೊತ್ತಿಗೆ ಟೆಕ್ನೀಷಿಯನ್ ಫೋನಿನಲ್ಲಿ ಹೇಳುವುದು ಕೇಳಿಸಿತು: "ಮೇಡಂ, ಒಂಚೂರು ಬಂದು ನೋಡ್ತೀರಾ? ಐವತ್ತೊಂದು ಕೇಜಿಗೆ ಬೇಕಾದಷ್ಟು ಬಣ್ಣ ಪೂರ್ತಿ ಹೋಗಿದೆ. ಆದ್ರೂ ಲಿವರ್ರು, ರಕ್ತನಾಳ ಎಲ್ಲ ಮಾಸಲು ಮಾಸಲು. ಸೂಜಿ ಹತ್ರ ಸೋರಿಲ್ಲ, ನೋಡಿದೆ. ಹಾರ್ಟ್ ಸರಿಯಾಗಿ ಪಂಪ್ ಮಾಡ್ತಿಲ್ವೇನೋ."

ನರ್ಸಮ್ಮ ಗಾಬರಿಯಾಗಿ ಬಾಗಿಲು ತೆಗೆದು ಹೊರಗೆ ಇಣುಕಿದರು. "ಇವರ ಕಡೆಯೋರು ಯಾರು? ಬಣ್ಣ ಸರಿಯಾಗಿ ಹಿಡೀತಿಲ್ಲ, ಇವರಿಗೆ ಹಾರ್ಟ್ ತೊಂದರೆ ಏನಾದ್ರೂ ಇದೆಯಾ?"

ಅಷ್ಟು ಸಾಕಾಯಿತು. ಚಿಕ್ಕಮ್ಮನ ಗಂಟಲು ಹೊರಗೆ ಸೈರನ್ನಿನಂತೆ ಎದ್ದಿತು. "ಕೇಳಿದೆಯೇನೇ ಹುಡುಗಿ, ಹೃದಯ ಅಂತೆ ಕಣೇ! ಬಣ್ಣ ಹಿಡೀತಾನೇ ಇಲ್ವಂತೆ!" ಸ್ಪೀಕರಿನಲ್ಲಿದ್ದ ಫೋನಿನಿಂದ ಹೆಂಡತಿಯ ಅಳು ತೆರೆದ ಬಾಗಿಲಿನೊಳಗೆ ನುಗ್ಗಿ ಬಂತು. "ನಾನು ಬರ್ತೀನಿ ಚಿಕ್ಕಮ್ಮ, ಬಂದೇ ಬರ್ತೀನಿ. ಎಂಥ ಪಾಪಿ ನಾನು, ಆ ಮನುಷ್ಯನ್ನ ಒಂಟಿ ಬಿಟ್ಟು ಬಂದೆನಲ್ಲ!"

ಕಂಬಳಿಯೊಳಗೆ ತಕ್ಕಡಿಯಣ್ಣನ ಎದೆ ಎಂಥ ಪಂಪಿಗೂ ಕಮ್ಮಿಯಿಲ್ಲದಂತೆ ಹೊಡೆದುಕೊಂಡಿತು. ಬರುತ್ತಾಳೆ! ಅವಳ ಬಾಯಿಂದಲೇ ಬಂತು! ಏನೂ ಮಾಡದೆ ಇನ್ನು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದರೆ ಸಾಕು. ಅಷ್ಟರಲ್ಲಿ ಅವಳು ಇನ್ನೊಮ್ಮೆ ಬಿಕ್ಕಿದಳು. ಹೀಗೆ ಅವಳನ್ನು ಅಳಿಸುವುದು ತಪ್ಪು, ಎದ್ದು ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳಿದರೆ ಬರುವುದಿಲ್ಲವಲ್ಲ ಎಂದು ಮುಚ್ಚಿದ. ಮೊದಲು ಬರಲಿ, ಬಾಗಿಲೊಳಗೆ ಕಾಲಿಡಲಿ, ಆಮೇಲೆ ಕಾಲಿಗೆ ಬಿದ್ದಾದರೂ ನಿಜ ಹೇಳಿದರಾಯಿತು.

ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಳ್ಳುತ್ತಾ ಬಂದರು. ಪರದೆಯ ಮೇಲಿನ ಚಿತ್ರ ನೋಡಿದರು, ಚೀಟಿ ನೋಡಿದರು, ಒಳಗೆ ಬಂದು ಮೇಜಿನ ಕಡೆ ನೋಡಿದರು.

"ಐವತ್ತೊಂದು ಕೇಜಿ ಪೇಷಂಟ್ ಎಲ್ಲಿ?"

"ಇವರೇ ಮೇಡಂ" ಎಂದ ಹಿಂದೆಯೇ ಬಂದ ಟೆಕ್ನೀಷಿಯನ್.

"ಇವರಲ್ಲ. ಐವತ್ತೊಂದು ಕೇಜಿಯೋರು."

"ಇವರೇ ಮೇಡಂ, ಚೀಟೀಲಿ ಬರೆದಿದೆ."

ಡಾಕ್ಟರಮ್ಮ ಕಂಬಳಿಯ ಒಂದು ತುದಿ ಹಿಡಿದು ನಿಧಾನವಾಗಿ ಸರಿಸಿದರು. ಗುಡ್ಡದಂಥ ಹೊಟ್ಟೆ ಬೆಳಕಿಗೆ ಬಂತು.

"ಏನ್ರೀ ಇದು? ಒಂದು ಲೋಟಕ್ಕೆ ಹಾಕೋ ಸಕ್ಕರೇನ ಇಡೀ ಕೊಡಕ್ಕೆ ಹಾಕಿ, ಸಿಹಿ ಯಾಕಿಲ್ಲ ಅಂತ ಹೃದಯ ಪರೀಕ್ಷೆ ಮಾಡ್ಸೋಕೆ ಹೊರಟಿದ್ದೀರಲ್ಲ! ನೋಡಿ ಯಜಮಾನ್ರೇ, ನಿಮ್ಮ ಮೈಯಲ್ಲಿರೋ ರಕ್ತದಲ್ಲೆಲ್ಲ ಈ ಬಣ್ಣ ಬೆರೀಬೇಕು. ಮೈ ದೊಡ್ಡದಿದ್ರೆ ಬಣ್ಣಾನೂ ಜಾಸ್ತಿ ಬೇಕು, ಇಲ್ಲಾಂದ್ರೆ ಗಡ್ಡೆ ಇದ್ರೂ ಕಾಣಲ್ಲ. ಯಾಕೆ ಸುಳ್ಳು ಹೇಳಿದ್ರಿ?"

"ಕಿಡ್ನಿಗೆ ಒಳ್ಳೇದು ಅಂತ..." ಎಂದು ತಕ್ಕಡಿಯಣ್ಣ ತೊದಲಿದ.

"ಕಿಡ್ನಿ ರಿಪೋರ್ಟ್ ಚೆನ್ನಾಗೇ ಇದೆ. ಈಗ ನೋಡಿ, ಎರಡು ಸಲ ಹಾಕೋ ಹಾಗಾಯ್ತು. ಏಳಿ, ತೂಕ ನೋಡ್ತೀನಿ. ಆ ಕುಂಡ ತೆಗೀರಿ ಯಾರಾದ್ರೂ!"

ಹೂಕುಂಡ ಕೆಳಗಿಳಿಯಿತು. ಇಡೀ ಸೆಂಟರು ನೋಡುತ್ತಿದ್ದಂತೆ ತಕ್ಕಡಿಯಣ್ಣ ಹಿಂದೆ ಕಟ್ಟುವ ಆಸ್ಪತ್ರೆಯ ನಿಲುವಂಗಿಯನ್ನು ಒಂದು ಕೈಯಲ್ಲಿ ಹಿಂದೆ, ಇನ್ನೊಂದು ಕೈಯಲ್ಲಿ ಮುಂದೆ ಹಿಡಿದುಕೊಂಡು ಯಂತ್ರದ ಮೇಲೆ ನಿಂತ. ಜೀವಮಾನವಿಡೀ ತೂಗಿದವನಿಗೆ ತೂಗಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಚಿಕ್ಕಮ್ಮ ಫೋನ್ ಹಿಡಿದೇ ಓಡಿ ಬಂದರು.

"ಹೃದಯ ಅಲ್ವಂತೆ ಕಣೇ, ಅಳಬೇಡ! ತೂಕ ತಪ್ಪು ಬರೆದುಬಿಟ್ಟಿದ್ರಂತೆ!" ಎಂದು ಫೋನಿಗೆ ಹೇಳಿ ಮುಳ್ಳಿನ ಕಡೆ ಬಗ್ಗಿದರು.

"ಚಿಕ್ಕಮ್ಮ, ಫೋನ್..." ತಕ್ಕಡಿಯಣ್ಣ ಕೈ ಚಾಚಿದ. ನಿಲುವಂಗಿ ಜಾರಿತು. ಕೈ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

"ಎಂಬತ್ತಾರು!" ಚಿಕ್ಕಮ್ಮನ ದನಿಯಲ್ಲಿ ಮಗ ಪರೀಕ್ಷೆಯಲ್ಲಿ ಫಸ್ಟ್ ಬಂದ ಸಂಭ್ರಮವಿತ್ತು. "ಎಂಬತ್ತಾರು ಕೇಜಿ ಕಣೇ! ಬರಿಗಾಲಲ್ಲಿ! ನೀನಿಲ್ಲ ಅಂತ ನಿನ್ನ ಗಂಡನ್ನ ನಾವು ಬಿಟ್ಟಿದ್ದೀವಾ? ಮೂರು ಮನೆಯೋರೂ ಸೇರಿ ಹೇಗೆ ನೋಡ್ಕೊಂಡಿದ್ದೀವಿ ನೋಡು! ನೀನು ನಿಶ್ಚಿಂತೆಯಾಗಿರು. ಹಲೋ? ಹಲೋ? ಸಿಗ್ನಲ್ ಹೋಯ್ತು ಅಂತ ಕಾಣುತ್ತೆ."

ಎರಡನೆಯ ಸಲ ಎಂಬತ್ತಾರು ಕೇಜಿಯ ಲೆಕ್ಕದಲ್ಲಿ ಬಣ್ಣ ಹೋಯಿತು. ಈ ಸಲ ಬಿಸಿ ಕಿವಿಯ ತುದಿಯಿಂದ ಕಾಲಿನ ಬೆರಳಿನವರೆಗೂ ಹರಿಯಿತು. ಅವನಿಗೆ ಅದರಲ್ಲಿ ಸುಖ ಕಾಣಲಿಲ್ಲ. ಚಿತ್ರ ಮಾತ್ರ ಕನ್ನಡಿಯ ಹಾಗೆ ಬಂತು. ಡಾಕ್ಟರಮ್ಮ ಪರದೆಯ ಮೇಲೆಲ್ಲ ಬೆರಳಾಡಿಸಿ, "ಗಡ್ಡೆ ಇಲ್ಲ, ಕಲ್ಲಿಲ್ಲ. ಲಿವರ್ ಮೇಲೆ ಕೊಬ್ಬು ಕೂತಿದೆ, ಅಷ್ಟೇ. ತಿಂದಿದ್ದು ಜಾಸ್ತಿ ಆಗಿದೆ. ನೀರು ಚೆನ್ನಾಗಿ ಕುಡೀರಿ, ಊಟ ಕಮ್ಮಿ ಮಾಡಿ" ಎಂದರು. ಹೆಂಡತಿ ಬರುವಷ್ಟು ಕಾಯಿಲೆಯೂ ಅವನ ಪಾಲಿಗೆ ಸಿಕ್ಕಲಿಲ್ಲ.

ಬಟ್ಟೆ ಹಾಕಿಕೊಂಡು ಹೊರಬರುವಷ್ಟರಲ್ಲಿ ಫೋನು ಬಂತು. ಚಿಕ್ಕಮ್ಮನಿಂದ ಕಸಿದುಕೊಂಡು ಕಾರಿಡಾರಿನ ತುದಿಗೆ ಹೋದ.

"ರೀ" ಎಂದಳು.

"ಹೇಳು."

"ಎಂಬತ್ತಾರು."

"ಆ ಮೆಷಿನ್ ಮೇಲೆ ದಿನಾ ಕುಂಡ ಇಟ್ಟು ಇಟ್ಟು ಅದು ಕೆಟ್ಟಿದೆ ಕಣೆ..."

"ಸಾಕು." ಅವಳ ದನಿ ಶಾಂತವಾಗಿತ್ತು, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ನಾನೀಗ ಎಲ್ಲಿದ್ದೀನಿ ಗೊತ್ತಾ? ಯಾವುದೋ ಊರಿನ ಬಸ್ ಸ್ಟ್ಯಾಂಡಲ್ಲಿ. ನಮ್ಮೂರಿಗೆ ಅರ್ಧ ದಾರಿ."

"ಬಸ್ ಸ್ಟ್ಯಾಂಡಾ? ಮಿಕ್ಸಿ ಅಂದೆಯಲ್ಲ?"

"ಬಸ್ಸು. ಹೇಳದೇ ಬಂದು ನಿಲ್ಲೋಣ ಅಂತಿದ್ದೆ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಮೊದಲನೇ ಬಸ್ಸು ಹಿಡಿದೆ. ನೀವು ಕೌಂಟರಲ್ಲಿ ಐವತ್ತೊಂದು ಅಂದಾಗಿಂದ ಅಳೋಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಪಕ್ಕದ ಸೀಟಿನ ಅಜ್ಜಿ ಕರ್ಚೀಫು ಕೊಟ್ರು. ಕಂಡಕ್ಟರು ಕಿಟಕಿ ಸೀಟು ಬಿಡಿಸಿಕೊಟ್ಟ. ಇಡೀ ಬಸ್ಸಿಗೆ ಗೊತ್ತು, ನನ್ನ ಗಂಡ ನಾನಿಲ್ಲದೆ ಒಣಗಿ ಕಡ್ಡಿ ಆಗಿದ್ದಾರೆ ಅಂತ. ಆಮೇಲೆ ಚಿಕ್ಕಮ್ಮ ಎಂಬತ್ತಾರು ಅಂತ ಕೂಗಿದ್ದೂ ಇಡೀ ಬಸ್ಸಿಗೆ ಕೇಳಿಸ್ತು. ಅಜ್ಜಿ ಕರ್ಚೀಫು ವಾಪಸ್ ಇಸ್ಕೊಂಡ್ರು. ಯಾವ ಮುಖ ಇಟ್ಕೊಂಡು ಕೂರಲಿ? ಇಳಿದುಬಿಟ್ಟೆ."

ತಕ್ಕಡಿಯಣ್ಣ ಗೋಡೆಗೆ ಒರಗಿದ. ಅರ್ಧ ದಾರಿ ಬಂದಿದ್ದಳು. ಏಳು ತಿಂಗಳಿಂದ ಅವನು ಕಾಯುತ್ತಿದ್ದವಳು, ಬೆಳಗಿನಿಂದ ಅವನ ಕಡೆಗೇ ಉರುಳಿ ಬರುತ್ತಿದ್ದಳು.

"ಮುಂದಿನ ಬಸ್ಸಿಗೆ ಬಾ. ಅರ್ಧ ಬಂದಿದ್ದೀಯಲ್ಲ, ಇನ್ನರ್ಧ ತಾನೇ?"

"ಯಾಕೆ ಬರಲಿ? ನನ್ನ ಕೈ ಊಟದಲ್ಲಿ ಎಪ್ಪತ್ತೆರಡು ದಾಟದೋರು ನಾನಿಲ್ದೆ ಎಂಬತ್ತಾರಾಗಿದ್ದೀರಿ. ನನ್ನಿಂದ ಏನಾಗಬೇಕು ಅಲ್ಲಿ?"

ಅವನು ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ಅಭ್ಯಾಸದಂತೆ ಏನೋ ಒಂದು ನೆಪ ಬಂದು ನಿಂತಿತ್ತು. ಅದನ್ನು ನುಂಗಿದ. ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು, ಅವನಿಗೆ ಯಾರೂ ಕಾಣಲಿಲ್ಲ.

"ಮನೆಗೆ ಹೋಗೋಕೆ ಮನಸ್ಸೇ ಬರಲ್ಲ ಕಣೆ. ಊಟಕ್ಕಲ್ಲ. ಮೂರು ಮನೆ ಊಟ ತಿಂದು ಕೂತರೂ ಹಸಿವು ಹೋಗಲ್ಲ. ಬಾಗಿಲು ತೆಗೆದರೆ ಬೈಯೋರಿಲ್ಲ. ರಾತ್ರಿ ನಿನ್ನ ದಿಂಬಿನ ಜತೆ ಮಾತಾಡ್ತೀನಿ. ನೀನು ಇದ್ದಾಗ ಆಡಬೇಕಿದ್ದ ಮಾತೆಲ್ಲ ಅದು ಕೇಳಿಸ್ಕೋತಾ ಇದೆ. ನೀನಿಲ್ಲದೆ ನನಗೆ ಇರೋಕಾಗ್ತಿಲ್ಲ. ಬಾ."

ಇಷ್ಟು ಉದ್ದದ ಮಾತನ್ನು ಮದುವೆಯಾದಾಗಿನಿಂದ ಅವನು ಅವಳ ಹತ್ತಿರ ಆಡಿರಲಿಲ್ಲ. ಆ ಕಡೆಯಿಂದ ಬಸ್ಸುಗಳ ಹಾರನ್ನು, ಯಾರೋ ಊರುಗಳ ಹೆಸರು ಕೂಗುವ ಸದ್ದು ಮಾತ್ರ ಬರುತ್ತಿತ್ತು. ಅವಳು ಕೇಳುತ್ತಿದ್ದಾಳೆ ಎಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು.

"ರೀ" ಎಂದಳು ಕೊನೆಗೆ, ಮೆತ್ತಗೆ. "ಇದರಲ್ಲೂ ಮೂವತ್ತೈದು ಕೇಜಿ ಹೆಚ್ಚು ಕಡಿಮೆ ಇದೆಯಾ?"

"ಇಲ್ಲ ಕಣೆ. ಇದು ನಿಜ. ಆಣೆ."

"ಐವತ್ತೊಂದು ಅಂದಾಗಲೂ ಹೀಗೇ ಗಂಟಲು ಕಟ್ಟಿತ್ತು ನಿಮಗೆ. ಆಗಲೂ ನಂಬಿದೆ." ಅವಳು ಮೂಗು ಸೆಳೆದುಕೊಂಡಳು. "ಅಕ್ಕನ ಊರಿನ ಬಸ್ಸು ಸಿಕ್ತು, ಹತ್ತುತ್ತಾ ಇದ್ದೀನಿ. ಇಡ್ತೀನಿ."

ಫೋನು ಕಟ್ಟಾಯಿತು. ಹಿಂದಿನಿಂದ ಚಿಕ್ಕಮ್ಮ ಬಂದು ತೋಳು ಹಿಡಿದರು.

"ಏನಂದ್ಲು?"

ಇನ್ನು ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಬಸ್ ಸಿಕ್ಕಿತಂತೆ" ಎಂದ.

"ಬಸ್ಸಾ! ಹೊರಟೇಬಿಟ್ಟಿದ್ದಾಳಾ?" ಚಿಕ್ಕಮ್ಮನ ಮುಖ ಅರಳಿತು. ಅವನು ತಡೆಯುವ ಮೊದಲೇ ತಮ್ಮ ಫೋನು ತೆಗೆದು ಎದುರುಮನೆಗೆ ಹಚ್ಚಿದರು. "ಕೇಳಿ ಇಲ್ಲಿ, ಅವನ ಹೆಂಡತಿ ಸಂಜೆಯೊಳಗೆ ಬಂದುಬಿಡ್ತಾಳೆ! ಇವತ್ತಿಂದ ಡಬ್ಬಿ ಬೇಡ. ಮಹಡಿಯೋರಿಗೂ ಹೇಳಿಬಿಡಿ. ಇನ್ನು ಅವಳುಂಟು, ಅವಳ ಗಂಡ ಉಂಟು."

ಅಲ್ಲ, ಅವಳು ಆ ಕಡೆ ಹೋಗುತ್ತಿದ್ದಾಳೆ ಎಂದು ಹೇಳಬೇಕಿತ್ತು. ಸ್ಕ್ಯಾನಿಗೆಂದು ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ರಾತ್ರಿಗೂ ಬೀಳುವ ಹಾಗಿಲ್ಲವೆಂದು ಈಗ ಖಾತ್ರಿಯಾಯಿತು. ಆದರೂ ಅವನು ತಿದ್ದಲಿಲ್ಲ. ಸಂಜೆಯವರೆಗಾದರೂ ಆ ಮೂರು ಮನೆಯವರ ಮನಸ್ಸಿನಲ್ಲಿ ಅವಳು ಬರುತ್ತಿರಲಿ ಎಂದುಕೊಂಡ. ಚಿಕ್ಕಮ್ಮ ಬೇಗ ಮನೆಗೆ ಹೋಗಿ ಗುಡಿಸಿ ಒರೆಸಿಡು ಎಂದು ಅವಸರ ಮಾಡಿದರು. ತಕ್ಕಡಿಯಣ್ಣ "ಹೂಂ" ಎಂದು ಅವರ ಹಿಂದೆ ಮೆಟ್ಟಿಲಿಳಿದ.